ಮಾರ್ಥಳನ್ನು ಅಡುಗೆಮನೆಯಿಂದ ಎಬ್ಬಿಸಿದ ಮೇಲೆ ಅನ್ನ ಬಸಿಯುವವರು ಯಾರು? ಮುನಿಸಿಕೊಂಡ ಅಕ್ಕತಂಗಿಯರ ಕಥೆಗೆ ಸಲಹೆ ಬೇಕು

ತೆನೆಹಬ್ಬ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಒಂದು ಕಿರುಕಾದಂಬರಿಯ ಮೊದಲ ಕರಡು ಮುಗಿಸಿದ್ದೇನೆ. ಹಂದರ ಹೇಳುತ್ತೇನೆ, ಮುಲಾಜಿಲ್ಲದೆ ಅಭಿಪ್ರಾಯ ಕೊಡಿ.

ಮೂಡುಬಿದಿರೆ ಕಡೆಯ ಒಂದು ಕಥೊಲಿಕ ಮನೆ. ಅಕ್ಕ ಮಸ್ಕತ್ತಿನಲ್ಲಿ ನರ್ಸ್, ಮದುವೆಯಾಗಿಲ್ಲ. ತಂಗಿ ಗಂಡ ಮಕ್ಕಳೊಂದಿಗೆ ತವರಿನಲ್ಲೇ ಉಳಿದು ತಂದೆತಾಯಿಯನ್ನು ನೋಡಿಕೊಂಡವಳು. ತಂದೆ ತೀರಿಕೊಂಡ ಮೇಲೆ ಮನೆಯನ್ನೂ ತೋಟವನ್ನೂ ತಂಗಿಯ ಹೆಸರಿಗೆ ವಿಲ್ ಮಾಡಿದ್ದಾರೆಂದು ತಿಳಿಯುತ್ತದೆ. ಆ ಮನೆಗೆ ತಾರಸಿ ಹಾಕಿಸಿದ್ದು ಅಕ್ಕನ ದುಡ್ಡು. ಅಂದಿನಿಂದ ಮಾತು ನಿಂತು ಒಂಬತ್ತು ವರ್ಷ. ಈಗ ಅಕ್ಕ ಕೆಲಸದ ನಡುವೆ ಕುಸಿದು ಬೀಳುತ್ತಾಳೆ, ರಕ್ತದೊತ್ತಡ. ವೈದ್ಯರು ಆರು ತಿಂಗಳು ವಿಶ್ರಾಂತಿ ಎನ್ನುತ್ತಾರೆ. ಊರಿಗೆ ಬರುತ್ತಾಳೆ. ತಾಯಿ ಹಾಸಿಗೆ ಹಿಡಿದಿದ್ದಾರೆ. ಮಳೆ, ಗದ್ದೆ, ಇಗರ್ಜಿಯ ಗಂಟೆ, ಅವಸರವಿಲ್ಲದ ದಿನಗಳು. ಒಂದು ಭಾನುವಾರ ಪಾದ್ರಿಗಳು ಮಾರ್ಥಾ ಮತ್ತು ಮರಿಯರ ಬಗ್ಗೆ ಪ್ರಸಂಗ (ಉಪದೇಶ) ಮಾಡುತ್ತಾರೆ. ಬೈಬಲ್ಲಿನ ಈ ಅಕ್ಕತಂಗಿಯರ ಮನೆಗೆ ಯೇಸು ಬಂದಾಗ ಮಾರ್ಥಾ ಅಡುಗೆ ಉಪಚಾರಕ್ಕೆ ಓಡಾಡುತ್ತಾಳೆ, ಮರಿಯ ಅವನ ಪಾದದ ಬಳಿ ಕುಳಿತು ಕೇಳುತ್ತಾಳೆ; ಮರಿಯ ಒಳ್ಳೆಯದನ್ನು ಆರಿಸಿಕೊಂಡಳು ಎಂದು ಯೇಸು ಮಾರ್ಥಳಿಗೆ ಬುದ್ಧಿ ಹೇಳುತ್ತಾನೆ. ಬದುಕಿಡೀ ಓಡಿದ್ದು ಸಾಕು ಎಂದು ಅಕ್ಕನಿಗೆ ಅನಿಸುತ್ತದೆ. ಮೊಂತಿ ಹಬ್ಬದ (ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬ, ನಮ್ಮ ಕಡೆ ತೆನೆಹಬ್ಬ) ದಿನ ಇಬ್ಬರೂ ಅಪ್ಪಿಕೊಂಡು ಅಳುತ್ತಾರೆ.

ಓದಿದ ಗೆಳತಿ, "ಅಮೆರಿಕದ ಕ್ರೈಸ್ತ ಕಾದಂಬರಿಗೆ ಮಂಗಳೂರಿನ ಸೀರೆ ಉಡಿಸಿದ್ದೀಯ" ಎಂದಳು. ಅಂಥ ಕಾದಂಬರಿಗಳನ್ನು ನಾನು ಓದುತ್ತೇನೆ, ಇಷ್ಟಪಡುತ್ತೇನೆ, ನಾಚಿಕೆಯೇನೂ ಇಲ್ಲ. ಆದರೆ ಅವಳ ಮಾತು ಕೊರೆಯುತ್ತಿದೆ. ಈ ಹಂದರದಲ್ಲಿ ಯಾವ ಕಂಬ ಎರವಲಿನದು, ಯಾವುದು ನಮ್ಮದು?

ಹಳೆಪುಸ್ತಕದಂಗಡಿ

ಮೇಡಂ, ನಿಮ್ಮ ಗೆಳತಿಗೆ ಆ ಅಂಗಡಿಯ ಪರಿಚಯ ಚೆನ್ನಾಗಿದೆ. ಆ ಪ್ರಕಾರಕ್ಕೆ ದೊಡ್ಡ ಮಾರುಕಟ್ಟೆ ಹುಟ್ಟಿದ್ದು 1979ರಲ್ಲಿ ಜ್ಯಾನೆಟ್ ಓಕ್ ಅವರ ಮೊದಲ ಕಾದಂಬರಿ ಬಂದ ಮೇಲೆ. ಪ್ರಕಟಿಸಿದ ಸಂಸ್ಥೆ ಬೆಥನಿ ಹೌಸ್. ನೋಡಿ, ಮಾರ್ಥಾ ಮರಿಯರ ಊರಿನ ಹೆಸರೇ ಅಲ್ಲಿ ಫಲಕಕ್ಕೇರಿ ಕುಳಿತಿದೆ! 1997ರಲ್ಲಿ ಬೆವರ್ಲಿ ಲೂಯಿಸ್ ಅವರ 'ದ ಶನ್ನಿಂಗ್' ಬಂದ ಮೇಲೆ ಆಧುನಿಕ ಸೌಕರ್ಯಗಳಿಂದ ದೂರ ಉಳಿದ ಕ್ರೈಸ್ತ ಪಂಗಡವಾದ ಪೆನ್ಸಿಲ್ವೇನಿಯಾದ ಆಮಿಶ್ ಜನರ ಕುದುರೆಗಾಡಿ, ಬಿಳಿ ಟೊಪ್ಪಿ, ಕೌದಿ ಹೊಲಿಗೆಗಳ ಕಥೆಗಳಿಗೆ ಬರವೇ ಇಲ್ಲ. 2000ದಿಂದ ಕ್ರಿಸ್ಟಿ ಪ್ರಶಸ್ತಿ ಎಂಬ ಪ್ರತ್ಯೇಕ ಪ್ರಶಸ್ತಿಯೂ ಇದೆ. ನಗರದಲ್ಲಿ ಸೋತ ಹೆಣ್ಣು, ಅಜ್ಜಿಯ ಮನೆ, ಹಳ್ಳಿಯ ನಿಧಾನ, ಒಂದು ಪ್ರಸಂಗ, ಕೊನೆಗೆ ಅಪ್ಪುಗೆ. ಓದುಗರಿಗೆ ಅದು ಬೇಕು, ಬರೆಯುವವರು ಕೊಡುತ್ತಾರೆ. ಅದರಲ್ಲಿ ಪಾಪವಿಲ್ಲ.

ನನ್ನ ತಕರಾರು ಬೇರೆ. ಆಮಿಶ್ ರೈತನ ದಿನ ನಿಧಾನದ್ದಲ್ಲ. ಬೆಳಗಿನ ಜಾವ ಹಾಲು ಕರೆಯುವುದರಿಂದ ಅದು ಶುರು. ನಿಧಾನ ಕಾಣುವುದು ಕಾರಿನಲ್ಲಿ ಬಂದು ನಿಂತು ನೋಡುವವರಿಗೆ. ನಿಮ್ಮ ಅಕ್ಕನೂ ಮಸ್ಕತ್ತಿನಿಂದ ಬಂದು ನಿಂತು ನೋಡುತ್ತಿದ್ದಾಳೆ ಅಷ್ಟೇ. ಅವಳು ಕಿಟಕಿಯ ಬಳಿ ಮಳೆ ನೋಡುತ್ತಾ ಕುಳಿತಾಗ ಅವಳ ಕೈಗೆ ಕಾಫಿ ಕೊಟ್ಟವರು ಯಾರು? ಕರಡಿನಲ್ಲಿ ಹುಡುಕಿ.

ಇನ್ನೊಂದು. ಆಮಿಶ್ ಜನರಲ್ಲಿ ದೂರವಿಡುವುದಕ್ಕೆ ಕಟ್ಟಳೆಯಿದೆ, ಸಭೆ ಅದನ್ನು ಸಾರುತ್ತದೆ, ಬಹಿಷ್ಕೃತರ ಜೊತೆ ಒಂದೇ ಮೇಜಿನಲ್ಲಿ ಉಣ್ಣುವಂತಿಲ್ಲ. ನಮ್ಮ ಮನೆಗಳ ಮುನಿಸಿಗೆ ಕಟ್ಟಳೆಯೂ ಇಲ್ಲ, ಘೋಷಣೆಯೂ ಇಲ್ಲ. ಒಂದೇ ಮೇಜಿನಲ್ಲಿ ಉಣ್ಣುತ್ತಾರೆ, ಉಪ್ಪು ಬೇಕಾದರೆ ಮೂರನೆಯವರನ್ನು ಕೇಳುತ್ತಾರೆ.

ಶಿರ್ವದ ಸೊಸೆ

ಮಾರ್ಥಳ ಪ್ರಸಂಗ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಪ್ರತಿ ಸಲವೂ ಪೀಠದ ಮೇಲಿಂದ, ಮಧ್ಯಾಹ್ನದ ಊಟ ಎಲ್ಲಿಂದ ಬರುತ್ತದೆ ಎಂದು ಯೋಚಿಸಬೇಕಿಲ್ಲದ ಒಬ್ಬರು "ಮಾರ್ಥಳಂತೆ ಆಗಬೇಡಿ" ಎನ್ನುತ್ತಾರೆ. ಕೆಳಗೆ ಕುಳಿತ ಅರ್ಧ ಹೆಂಗಸರು ಕುಕ್ಕರಿನ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಯೋಚನೆಯಲ್ಲಿರುತ್ತಾರೆ.

ಬೈಬಲ್ಲಿನಲ್ಲಿ ಲೂಕನ ಸುವಾರ್ತೆಯ 10ನೇ ಅಧ್ಯಾಯ ತೆಗೆದು ಓದಿ. ಯೇಸುವನ್ನು ಮನೆಗೆ ಬರಮಾಡಿಕೊಂಡವಳೇ ಮಾರ್ಥಾ. ಯೋಹಾನನ 11ರಲ್ಲಿ ತಮ್ಮ ಲಾಜರ ಸತ್ತಾಗ ಯೇಸುವನ್ನು ಊರ ಹೊರಗೆ ಎದುರುಗೊಳ್ಳಲು ಹೋದವಳು ಅವಳು, ಮರಿಯ ಮನೆಯಲ್ಲೇ ಕುಳಿತಿದ್ದಳು. "ನೀನೇ ಕ್ರಿಸ್ತ" ಎಂದು ನಂಬಿಕೆ ಸಾರಿದವಳೂ ಅವಳೇ. 12ರಲ್ಲಿ ಮತ್ತೆ ಔತಣ, ಮತ್ತೆ ಬಡಿಸುತ್ತಿರುವವಳು ಮಾರ್ಥಾ. ಅಂದರೆ ಆ ಬುದ್ಧಿಮಾತಿನ ನಂತರವೂ ಅವಳು ಸೌಟು ಕೆಳಗಿಟ್ಟಿಲ್ಲ, ಯಾರೂ ಇಡಿಸಲೂ ಇಲ್ಲ.

ತೆನೆಹಬ್ಬ ಅವರೇ, ನಿಮ್ಮ ಕಥೆಯಲ್ಲಿ ಓಡಿ ಓಡಿ ದಣಿದವಳು ಅಕ್ಕ ಎಂದು ನೀವು ಹೇಗೆ ತೀರ್ಮಾನಿಸಿದಿರಿ? ಹಾಸಿಗೆ ಹಿಡಿದ ತಾಯಿಯನ್ನು ಒಂಬತ್ತು ವರ್ಷ ಎತ್ತಿ ಇಳಿಸಿದವಳು ತಂಗಿ. ಅವಳಿಗೆ ಯಾವ ವೈದ್ಯರು ಆರು ತಿಂಗಳು ವಿಶ್ರಾಂತಿ ಬರೆದುಕೊಟ್ಟರು?

ಬಾಸೆಲ್ ಓಣಿ

ಅಧ್ಯಾಪಕನಾಗಿದ್ದವನು, ಭಾನುವಾರದ ಶಾಲೆಯಲ್ಲಿಯೂ ಬಹುಕಾಲ ಪಾಠ ಮಾಡಿದವನು. ಆದ್ದರಿಂದ ಸ್ವಲ್ಪ ಉದ್ದವಾಗುತ್ತದೆ, ಕ್ಷಮಿಸಿ.

ಶಿರ್ವದ ಸೊಸೆಯವರ ಸಿಟ್ಟು ನ್ಯಾಯವಾದದ್ದು, ಆದರೆ ಅದು ವಚನದ ಮೇಲಲ್ಲ, ವ್ಯಾಖ್ಯಾನದ ಮೇಲೆ ಇರಬೇಕಾದ ಸಿಟ್ಟು. ಈ ಪ್ರಕರಣದ ಹಿಂದಿನ ಪುಟದಲ್ಲೇ, ದಾರಿಯಲ್ಲಿ ಗಾಯಗೊಂಡು ಬಿದ್ದವನಿಗೆ ನೆರವಾದ ದಯಾಳು ಸಮಾರ್ಯದವನ ಸಾಮ್ಯ (ನೀತಿಕಥೆ) ಇದೆ. ಅದರ ಕೊನೆಯ ಮಾತು "ಹೋಗಿ ನೀನೂ ಹಾಗೆಯೇ ಮಾಡು" ಎಂಬುದು. ಮಾಡು ಎಂದ ಬೆನ್ನಿಗೆ ಕುಳಿತುಕೋ ಎಂಬ ಕಥೆ. ಲೂಕನು ಇವೆರಡನ್ನೂ ಒತ್ತಟ್ಟಿಗೆ ಇಟ್ಟಿರುವಾಗ ನಾವು ಒಂದನ್ನು ಹರಿದು ತೆಗೆದು ಹೆಂಗಸರಿಗೆ ಹಂಚುತ್ತಿದ್ದೇವೆ. ಮಾರ್ಥಳಿಗೆ ಹೇಳಿದ್ದು ಅಡುಗೆ ತಪ್ಪೆಂದಲ್ಲ, ಹಲವು ವಿಷಯಗಳಿಗೆ ಚಿಂತಿಸಿ ಕಳವಳಪಡುತ್ತೀಯ ಎಂದು.

ಮಾರ್ಥಳ ಪರ ವಕಾಲತ್ತು ಹೊಸದೂ ಅಲ್ಲ. 14ನೇ ಶತಮಾನದ ಜರ್ಮನ್ ಉಪದೇಶಕ ಮೈಸ್ಟರ್ ಎಕ್‌ಹಾರ್ಟ್, ಮಾರ್ಥಳೇ ಪಕ್ವವಾದವಳು, ಮರಿಯ ಇನ್ನೂ ಕಲಿಯುತ್ತಿದ್ದವಳು ಎಂದು ಪ್ರಸಂಗ ಮಾಡಿದ್ದಾನೆ. ಆವಿಲಾದ ಸಂತ ತೆರೇಸಾ 1577ರಲ್ಲಿ ಬರೆದ ಪುಸ್ತಕದಲ್ಲಿ, ಇಬ್ಬರೂ ಕೂಡಿಯೇ ಪ್ರಭುವನ್ನು ಸತ್ಕರಿಸಬೇಕು, ಮರಿಯ ಸದಾ ಪಾದದ ಬಳಿಯೇ ಕುಳಿತಿದ್ದರೆ ಅವನಿಗೆ ಊಟ ಯಾರು ಕೊಡುತ್ತಿದ್ದರು ಎಂಬರ್ಥದಲ್ಲಿ ಕೇಳುತ್ತಾಳೆ. ಸ್ಪೇನಿನ ಚಿತ್ರಕಾರ ವೆಲಾಸ್ಕೆಸ್ ತನಗೆ ಇಪ್ಪತ್ತು ವರ್ಷ ತುಂಬುವ ಮೊದಲೇ ಬರೆದ 1618ರ ಚಿತ್ರವನ್ನೂ ನೋಡಿ, ಲಂಡನ್ನಿನಲ್ಲಿದೆ. ಎದುರಿಗೆ ಒರಳಿನಲ್ಲಿ ಬೆಳ್ಳುಳ್ಳಿ ಕುಟ್ಟುತ್ತಿರುವ ಹುಡುಗಿ, ಮುಖ ಊದಿಕೊಂಡಿದೆ. ಮೇಜಿನ ಮೇಲೆ ಮೀನು, ಮೊಟ್ಟೆ, ಒಣಮೆಣಸು. ಯೇಸುವೂ ಮರಿಯಳೂ ಹಿಂದೆ ಒಂದು ಮೂಲೆಯ ಚೌಕಟ್ಟಿನಲ್ಲಿ ಸಣ್ಣದಾಗಿದ್ದಾರೆ. ಅಡುಗೆಮನೆಯಿಂದ ದೇವರು ಅಷ್ಟೇ ಕಾಣುವುದು.

ಮುನಿಸಿಕೊಂಡ ಸಹೋದರಿಯರು ಬೇಕಾದರೆ ಆದಿಕಾಂಡಕ್ಕೆ ಹೋಗಿ. ಲೇಯಾ ಮತ್ತು ರಾಹೇಲ್, ಒಬ್ಬನೇ ಗಂಡ, ತಂದೆ ಲಾಬಾನನ ಮೋಸ. ವರ್ಷಗಟ್ಟಲೆ ಹೊಟ್ಟೆಕಿಚ್ಚು. ಅವರಿಬ್ಬರೂ ಒಂದೇ ದನಿಯಲ್ಲಿ ಮಾತನಾಡುವುದು 31ನೇ ಅಧ್ಯಾಯದಲ್ಲಿ, ಒಂದೇ ಸಲ: ನಮ್ಮ ತಂದೆಯ ಮನೆಯಲ್ಲಿ ನಮಗೆ ಇನ್ನು ಪಾಲೆಲ್ಲಿದೆ, ಬಾಧ್ಯತೆಯೆಲ್ಲಿದೆ ಎಂದು. ಅಪ್ಪುಗೆಯಿಂದಲ್ಲ, ಆಸ್ತಿಯಿಂದ ಒಂದಾದರು. ನಿಮ್ಮ ವಿಲ್ಲಿನ ಕಥೆ ಬಹಳ ಹಳೆಯದು.

ಧಾರವಾಡದ ಓದುಗ

ನಾನು ಕ್ರೈಸ್ತನಲ್ಲ, ನಡುವೆ ಬಾಯಿ ಹಾಕುತ್ತಿದ್ದೇನೆ. ಒಂದು ಪ್ರಶ್ನೆ. ಈ ಕಥೆಯಲ್ಲಿ ಇಗರ್ಜಿಯ ಬದಲು ದೇವಸ್ಥಾನ, ಮೊಂತಿ ಹಬ್ಬದ ಬದಲು ಗೌರಿ ಹಬ್ಬ ಇಟ್ಟರೆ ಏನು ಕೆಡುತ್ತದೆ? ಏನೂ ಕೆಡದಿದ್ದರೆ ಅದು ಕ್ರೈಸ್ತ ಕಥೆ ಹೇಗೆ? ನಾ. ಡಿಸೋಜ ಅವರ ಶರಾವತಿ ಮುಳುಗಡೆಯ ಕಾದಂಬರಿಗಳನ್ನು ಓದಿದವನಿಗೆ ಈ ಸಂಶಯ ಬರುತ್ತದೆ. ಅವರು 2014ರ ಮಡಿಕೇರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದದ್ದು ಕನ್ನಡದ ಕಾದಂಬರಿಕಾರರಾಗಿ, ಬೇರೆ ಯಾವ ಫಲಕವೂ ಬೇಕಾಗಲಿಲ್ಲ.

ಜೊತೆಗೆ, ನಮ್ಮ ಜನಪದ ಹಾಡುಗಳಲ್ಲಿ ತವರಿನ ಜಗಳವೆಂದರೆ ಅಣ್ಣ ತಂಗಿಯದು, ಅತ್ತಿಗೆ ನಾದಿನಿಯದು. ಅಕ್ಕತಂಗಿಯರು ಮದುವೆಯಾಗಿ ಬೇರೆ ಬೇರೆ ಊರಿಗೆ ಹೋದರೆ ಮುಗಿಯಿತು, ಜಗಳವಾಡಲು ಮಧ್ಯೆ ಏನಿತ್ತು? ಇಬ್ಬರ ಕೈಯಲ್ಲೂ ಸಂಬಳ, ಇಬ್ಬರಿಗೂ ಪಾಲು ಬಂದ ಮೇಲೆ ಹುಟ್ಟಿದ ಜಗಳ ಇದು ಎಂದು ನನ್ನ ಊಹೆ. ಹಾಗಾದರೆ ಬರೆಯಲು ಹೊಸ ನೆಲವೇ.

ಶಿರ್ವದ ಸೊಸೆ

ಧಾರವಾಡದವರೇ, ಕೆಡುವುದು ಇದು: ನಮಗೆ ಪ್ರತಿ ಭಾನುವಾರ ಪರೀಕ್ಷೆ. ಮತ್ತಾಯನ 5ನೇ ಅಧ್ಯಾಯದಲ್ಲಿ, ಕಾಣಿಕೆ ತಂದಾಗ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನಾದರೂ ಇದೆಯೆಂದು ನೆನಪಾದರೆ ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಹೋಗಿ ಮೊದಲು ರಾಜಿಯಾಗು ಎಂದಿದೆ. ಮನಸ್ಸಿನಲ್ಲಿ ವಿಷ ಇಟ್ಟುಕೊಂಡು ಪ್ರಸಾದ ಸ್ವೀಕರಿಸಲು ಎದ್ದು ನಿಲ್ಲಬೇಕೋ ಕುಳಿತೇ ಇರಬೇಕೋ? ಕುಳಿತರೆ ಊರಿಗೆಲ್ಲ ಗೊತ್ತಾಗುತ್ತದೆ. ಎದ್ದರೆ ಒಳಗೆ ಚುಚ್ಚುತ್ತದೆ.

ಪೂಜೆಯಲ್ಲಿ ಪ್ರಸಾದಕ್ಕೆ ಸ್ವಲ್ಪ ಮೊದಲು ಒಬ್ಬರಿಗೊಬ್ಬರು ಸಮಾಧಾನ ಕೋರುವ ಗಳಿಗೆಯೊಂದಿದೆ. ಬೇರೆ ದೇಶಗಳಲ್ಲಿ ಕೈ ಕುಲುಕುತ್ತಾರೆ. 1969ರಲ್ಲಿ ಭಾರತದ ಪೂಜಾವಿಧಿಗೆ 12 ಬದಲಾವಣೆಗಳಿಗೆ ರೋಮ್ ಒಪ್ಪಿಗೆ ಕೊಟ್ಟ ಮೇಲೆ ನಾವು ಕೈ ಮುಗಿಯುತ್ತೇವೆ. ಈ ಕೈ ಮುಗಿಯುವುದರಲ್ಲಿ ಒಂದು ಅನುಕೂಲವಿದೆ. ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ, ಹಿಂದಕ್ಕೆ ಒಮ್ಮೆ ತಿರುಗಿದರೆ ಸಾಕು, ಯಾರನ್ನೂ ಮುಟ್ಟಬೇಕಿಲ್ಲ, ಯಾರ ಕಣ್ಣನ್ನೂ ನೋಡಬೇಕಿಲ್ಲ. ಒಂದೇ ಬೆಂಚಿನ ಎರಡು ತುದಿಯಲ್ಲಿ ಕುಳಿತ ಅಕ್ಕತಂಗಿಯರು ವರ್ಷಗಟ್ಟಲೆ ಹೀಗೆ ಗಾಳಿಗೆ ನಮಸ್ಕಾರ ಮಾಡಿ ಪಾರಾದದ್ದನ್ನು ನಾನು ಬಲ್ಲೆ. ನಡುವೆ ಅವರ ತಾಯಿ ಇಬ್ಬರ ಕಡೆಗೂ ತಿರುಗಿ ತಿರುಗಿ ನೋಡುತ್ತಿದ್ದರು.

ನಿಮ್ಮ ಕಾದಂಬರಿಗೆ ಇದು ಬೇಕು ಮೇಡಂ. ಪ್ರಸಂಗ ಬೇಡ.

ಕುವೈತ್ ರಾತ್ರಿಪಾಳಿ

ಹನ್ನೆರಡು ಗಂಟೆಯ ಪಾಳಿ ಮುಗಿಸಿ ಬಂದು ಓದಿದೆ, ನಿದ್ದೆ ಹಾರಿಹೋಯಿತು.

ಶಿರ್ವದ ಅಕ್ಕ, ತಂಗಿಯ ಪರ ಮಾತನಾಡಿದಿರಿ, ಸಂತೋಷ. ಹೊರಗೆ ಹೋದವಳ ಪರ ನಾನು ಮಾತನಾಡುತ್ತೇನೆ. ನಾವು ರಜೆಗೆ ಬಂದರೆ ನಮಗೆ ಯಾರೂ ಕುಳಿತುಕೋ ಎನ್ನುವುದಿಲ್ಲ. ಚಿಕ್ಕಮ್ಮನ ಮನೆ, ದೊಡ್ಡಮ್ಮನ ಮನೆ, ಬ್ಯಾಂಕು, ಮದುವೆ ಉಡುಗೊರೆ, ಪಕ್ಕದ ಮನೆಯವರ ಸಕ್ಕರೆ ಕಾಯಿಲೆಯ ಚೀಟಿ. ಅಕ್ಕ ಕುಸಿದು ಬಿದ್ದ ಮೇಲೆ ಮನೆಯವರ ಮೊದಲ ಪ್ರಶ್ನೆ "ಸಂಬಳ ಬರುತ್ತದೆಯೇ?" ಎಂದಿರುತ್ತದೆ. ಅದನ್ನು ಬರೆಯದೆ ನಿಧಾನದ ಬದುಕು ಎಂದು ಬರೆದರೆ ನಮ್ಮಂಥವರು ಪುಸ್ತಕ ಮುಚ್ಚಿಡುತ್ತೇವೆ. ಸಾಲ ತೀರಿದವರಿಗೆ ಮಾತ್ರ ಮಳೆ ನೋಡುವ ಪುರುಸೊತ್ತು.

ಮುನಿಸಿನ ಬಗ್ಗೆ ಒಂದು. ಲೂಕನ ಆ ಐದು ವಚನಗಳನ್ನು ಈಗ ಮತ್ತೆ ಓದಿದೆ. ಅಕ್ಕತಂಗಿಯರು ಒಬ್ಬರಿಗೊಬ್ಬರು ಒಂದೇ ಒಂದು ಮಾತು ಆಡುವುದಿಲ್ಲ! ಮಾರ್ಥಾ ಬಂದು ಯೇಸುವಿಗೆ ಹೇಳುತ್ತಾಳೆ, ನನಗೆ ನೆರವಾಗುವಂತೆ ಅವಳಿಗೆ ಹೇಳು ಎಂದು. ಮರಿಯ ಎದುರಿಗೇ ಕುಳಿತಿದ್ದಾಳೆ. ನಮ್ಮ ಮನೆಗಳಲ್ಲಿ ಇದೇ ಅಲ್ಲವೇ? "ಅಮ್ಮಾ, ಗ್ಯಾಸ್ ಬುಕ್ ಮಾಡಬೇಕೆಂದು ಅವಳಿಗೆ ಹೇಳು." ಅವಳು ಎರಡು ಅಡಿ ದೂರದಲ್ಲಿರುತ್ತಾಳೆ. ಹಾಸಿಗೆ ಹಿಡಿದ ತಾಯಿ ಈ ಮನೆಯಲ್ಲಿ ಟೆಲಿಫೋನ್ ತಂತಿ ಇದ್ದಂತೆ, ಆಕೆಯ ಮಾತು ನಿಂತ ದಿನ ಈ ಇಬ್ಬರು ಏನು ಮಾಡುತ್ತಾರೆ?

ಬಾಸೆಲ್ ಓಣಿ

ಕುವೈತಿನ ತಂಗಿ, ಇಷ್ಟು ವರ್ಷ ಪಾಠ ಮಾಡಿದ ಭಾಗದಲ್ಲಿ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಹಾಗಿದ್ದರೆ ಇದನ್ನೂ ನೋಡಿ. ಲಾಜರ ಸತ್ತಾಗ ಮಾರ್ಥಾ ಒಬ್ಬಳೇ ಯೇಸುವಿನ ಬಳಿ ಹೋಗಿ, ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಎನ್ನುತ್ತಾಳೆ. ಆಮೇಲೆ ಮರಿಯ ಬಂದು ಅದೇ ವಾಕ್ಯ ಹೇಳುತ್ತಾಳೆ. ಅಕ್ಕ ಹೇಳಿದ್ದನ್ನು ತಂಗಿ ಕೇಳಿಸಿಕೊಂಡಿರಲಿಲ್ಲ. ಆ ನಾಲ್ಕು ದಿನ ಮನೆಯೊಳಗೆ ಇಬ್ಬರೂ ಅದನ್ನೇ ಮನಸ್ಸಿನಲ್ಲಿ ಅರೆಯುತ್ತಿದ್ದಿರಬೇಕು.

ಕಪ್ಪು ಕೋಟು

ವಕೀಲ. ಸಾಹಿತ್ಯ ಅಷ್ಟಾಗಿ ಗೊತ್ತಿಲ್ಲ, ಆದರೆ ನಿಮ್ಮ ವಿಲ್ ನೋಡಿ ಕೈ ತುರಿಸುತ್ತಿದೆ.

ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಹಿಂದೂ ಕಾನೂನಿನಂತೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಬರುವ ಹಕ್ಕು ಇಲ್ಲಿಲ್ಲ. ತಂದೆ ತನ್ನದನ್ನು ಯಾರಿಗೆ ಬೇಕಾದರೂ ವಿಲ್ ಮಾಡಬಹುದು. ವಿಲ್ ಇಲ್ಲದಿದ್ದರೆ ಹೆಂಡತಿಗೆ ಮೂರನೇ ಒಂದು, ಉಳಿದದ್ದು ಮಕ್ಕಳಿಗೆ ಸಮ, ಗಂಡು ಹೆಣ್ಣು ಭೇದವಿಲ್ಲ. ತಿರುವಾಂಕೂರಿನ ಕ್ರೈಸ್ತರಲ್ಲಿ ಹಾಗಿರಲಿಲ್ಲ. ಅಲ್ಲಿನ 1916ರ ಕಾನೂನಿನಲ್ಲಿ ಮಗಳಿಗೆ ಮಗನ ಪಾಲಿನ ಕಾಲು ಭಾಗ ಅಥವಾ 5,000 ರೂಪಾಯಿ, ಯಾವುದು ಕಡಿಮೆಯೋ ಅದು. ಮೇರಿ ರಾಯ್ ಪ್ರಕರಣದಲ್ಲಿ 1986ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಕೊನೆ ಹಾಡಿತು. ನಿಮ್ಮದು ಮೂಡುಬಿದಿರೆ, ಆ ತೊಡಕಿಲ್ಲ.

ಈಗ ಕಥೆಗಾರರಿಗೆ ಒಂದು ಉಡುಗೊರೆ. ವಿಲ್ಲಿಗೆ ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ಅದೇ ಕಾಯ್ದೆಯ 67ನೇ ಕಲಂ ಪ್ರಕಾರ ಸಾಕ್ಷಿ ಹಾಕಿದವರಿಗಾಗಲಿ, ಅವರ ಗಂಡ ಅಥವಾ ಹೆಂಡತಿಗಾಗಲಿ ಅದೇ ವಿಲ್ಲಿನಲ್ಲಿ ಏನಾದರೂ ಬರೆದಿದ್ದರೆ ಆ ಭಾಗ ಅನೂರ್ಜಿತ. ಈ ಕಲಂ ಹಿಂದೂಗಳಿಗಿಲ್ಲ, ಕ್ರೈಸ್ತರಿಗಿದೆ. ತಂಗಿಯ ಗಂಡ ಭೋಳೆ ಸ್ವಭಾವದವನು, ಮಾವ ಕರೆದರೆಂದು ಸಾಕ್ಷಿಯಾಗಿ ಸಹಿ ಹಾಕಿದ್ದಾನೆ ಎಂದಿಟ್ಟುಕೊಳ್ಳಿ. ತಂಗಿಗೆ ಬರೆದದ್ದು ನಿಲ್ಲುವುದಿಲ್ಲ. ತಾಯಿಗೊಂದು, ಅಕ್ಕನಿಗೊಂದು, ತಂಗಿಗೊಂದು ಪಾಲು. ಅಕ್ಕನಿಗೆ ಇದು ಊರಿಗೆ ಬಂದ ಎರಡನೇ ವಾರ ಗೊತ್ತಾಗುತ್ತದೆ.

ಧಾರವಾಡದ ಓದುಗ

ಅಬ್ಬಾ! ಈಗ ಇದು ಗೌರಿ ಹಬ್ಬಕ್ಕೆ ವರ್ಗಾಯಿಸಲಾಗದ ಕಥೆ. ನನ್ನ ಪ್ರಶ್ನೆಗೆ ಉತ್ತರ ಪಾದ್ರಿಗಳಿಂದ ಬರುತ್ತದೆಂದುಕೊಂಡಿದ್ದೆ, ವಕೀಲರಿಂದ ಬಂತು.

ಬಾಸೆಲ್ ಓಣಿ

ಕೊರಿಂಥದವರಿಗೆ ಬರೆದ ಮೊದಲ ಪತ್ರ, 6ನೇ ಅಧ್ಯಾಯ. ಸಹೋದರರು ನ್ಯಾಯಾಲಯಕ್ಕೆ ಹೋಗುವುದಕ್ಕಿಂತ ಅನ್ಯಾಯವನ್ನು ಯಾಕೆ ಸಹಿಸಬಾರದು ಎಂದು ಪೌಲನು ಕೇಳುತ್ತಾನೆ. ಅಕ್ಕನ ಬಳಿ ಅಸ್ತ್ರವಿದೆ, ಬಳಸದಿರುವುದೇ ಅವಳ ವಿಶ್ವಾಸ. ಕ್ರೈಸ್ತ ಕಥೆಯೆಂದರೆ ಇದು.

ಶಿರ್ವದ ಸೊಸೆ

ಮಾಸ್ತರರೇ, ಆ ವಚನವನ್ನು ಯಾವ ಗಂಡುಮಗನ ಪಾಲಿನ ವಿಷಯಕ್ಕೆ ಯಾರು ಓದಿದ್ದನ್ನು ನೀವು ಕೇಳಿದ್ದೀರಿ? ಅರಣ್ಯಕಾಂಡದ 27ರಲ್ಲಿ ಚಲ್ಪಹಾದನ ಐದು ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು ಪಾಲು ಕೇಳಿದಾಗ ದೇವರು ಏನೆಂದನು? ಅವರು ಹೇಳುವುದು ನ್ಯಾಯ ಎಂದನು. ಸಹಿಸಿಕೊಳ್ಳಿ ಎನ್ನಲಿಲ್ಲ.

ನಿರ್ವಾಹಕ

ಇಬ್ಬರೂ ದಯವಿಟ್ಟು ಕಥೆಗೆ ಮರಳಿ. ವಚನಗಳ ಕಾದಾಟಕ್ಕೆ ಬೇರೆ ಎಳೆ ಇದೆ.

ಹಳೆಪುಸ್ತಕದಂಗಡಿ

ಕೊನೆಯ ಅಪ್ಪುಗೆಯ ಬಗ್ಗೆ ಯಾರೂ ಮಾತನಾಡಲಿಲ್ಲ. ಮರಿಲಿನ್ ರಾಬಿನ್ಸನ್ ಗೊತ್ತಿರಬೇಕು, 2005ರ ಪುಲಿಟ್ಜರ್ ಪಡೆದವರು, ಆಳವಾದ ಕ್ರೈಸ್ತ ಲೇಖಕಿ. 1980ರ ಅವರ ಮೊದಲ ಕಾದಂಬರಿ 'ಹೌಸ್‌ಕೀಪಿಂಗ್'ನಲ್ಲಿ ಇಬ್ಬರು ಅನಾಥ ಸಹೋದರಿಯರು. ಒಬ್ಬಳು ಅಚ್ಚುಕಟ್ಟಾದ ಬದುಕು ಬೇಕೆಂದು ಶಿಕ್ಷಕಿಯೊಬ್ಬರ ಮನೆಗೆ ಹೊರಟುಹೋಗುತ್ತಾಳೆ, ಇನ್ನೊಬ್ಬಳು ಅಲೆಮಾರಿ ಚಿಕ್ಕಮ್ಮನ ಜೊತೆ ಉಳಿಯುತ್ತಾಳೆ. ಮತ್ತೆ ಸೇರುವುದೇ ಇಲ್ಲ. ಓದಿ ಮುಗಿಸಿದ ಮೇಲೂ ಆ ಖಾಲಿ ಜಾಗ ಬಿಡುವುದಿಲ್ಲ. ಹೋಗಲಿ, ಪೋಲಿ ಹೋದ ಮಗನ ಸಾಮ್ಯದಲ್ಲಿಯೂ ತಮ್ಮ ಮರಳಿದ್ದಕ್ಕೆ ಮುನಿಸಿಕೊಂಡು ಹೊರಗೇ ನಿಂತ ಹಿರಿಯ ಮಗನನ್ನು ತಂದೆ ಅಂಗಳಕ್ಕೆ ಬಂದು ಬೇಡಿಕೊಳ್ಳುತ್ತಾನೆ, ಆ ಮಗ ಒಳಗೆ ಹೋದನೋ ಇಲ್ಲವೋ ಲೂಕನು ಬರೆದಿಲ್ಲ. ಅಷ್ಟು ದೊಡ್ಡ ಕಥೆಗೇ ಕೊನೆಯ ಅಪ್ಪುಗೆ ಬೇಕಾಗದಿದ್ದರೆ ನಿಮಗೇಕೆ?

ಸೇರಿಸಲೇಬೇಕೆಂದಿದ್ದರೆ ಊಟದಿಂದ ಸೇರಿಸಿ. ಡೆನ್ಮಾರ್ಕಿನ ಕರೆನ್ ಬ್ಲಿಕ್ಸೆನ್ ಅವರ 'ಬಬೆಟ್ಸ್ ಫೀಸ್ಟ್' ಕಥೆಯಲ್ಲಿ ಭಕ್ತರ ಹಳೆಯ ಜಗಳಗಳು ಕರಗುವುದು ಪ್ರಸಂಗದಿಂದಲ್ಲ, ಅಡುಗೆಯವಳು ಲಾಟರಿಯ 10,000 ಫ್ರಾಂಕ್ ಪೂರ್ತಿ ಸುರಿದು ಮಾಡಿದ ಒಂದು ರಾತ್ರಿಯ ಊಟದಿಂದ. ಅಲ್ಲಿ ಮಾರ್ಥಾ ಗೆದ್ದಿದ್ದಾಳೆ. ಕೊನೆಯಲ್ಲಿ ಅವಳು ಅಡುಗೆಮನೆಯಲ್ಲಿ ಜಿಡ್ಡು ಪಾತ್ರೆಗಳ ನಡುವೆ ಸುಸ್ತಾಗಿ ಕುಳಿತಿರುತ್ತಾಳೆ.

ಕುವೈತ್ ರಾತ್ರಿಪಾಳಿ

ಊಟವೆಂದರೆ ನೆನಪಾಯಿತು. ಸೆಪ್ಟೆಂಬರ್ 8ಕ್ಕೆ ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ಭತ್ತದ ತೆನೆಯನ್ನು ಮನೆಗೆ ತಂದು, ಅಕ್ಕಿ ಬಿಡಿಸಿ ಪಾಯಸಕ್ಕೆ ಹಾಕಿ, ಊರಿನಲ್ಲಿಲ್ಲದವರಿಗೆ ನಾಲ್ಕು ಕಾಳನ್ನು ಲಕೋಟೆಯಲ್ಲಿಟ್ಟು ಕಳುಹಿಸುತ್ತಾರಲ್ಲ. ಮಾತು ಬಿಟ್ಟ ಒಂಬತ್ತು ವರ್ಷವೂ ತಂಗಿ ಅದನ್ನು ಕಳುಹಿಸಿರಬೇಕು. ಚೀಟಿಯಿಲ್ಲ, ವಿಳಾಸ ಮಾತ್ರ ಅವಳ ಕೈಬರಹ.

ಶಿರ್ವದ ಸೊಸೆ

ಚೆನ್ನಾಗಿದೆ, ಆದರೆ ಮತ್ತೆ ತಂಗಿಯೇ ಒಳ್ಳೆಯವಳಾಗಿ ತೆನೆ ಕಳುಹಿಸುತ್ತಾ ಇರಬೇಕೇ? ಎರಡು ವರ್ಷ ಕಳುಹಿಸಿ ನಿಲ್ಲಿಸಲಿ. ಅಕ್ಕ ಮೂರನೇ ವರ್ಷ ಅಂಚೆಪೆಟ್ಟಿಗೆ ನೋಡಲಿ.

ನನ್ನ ನಿಜವಾದ ಸಲಹೆ ಇದು. ಧರ್ಮೋಪದೇಶಕಾಂಡದ 5ರಲ್ಲಿ ಸಬ್ಬತ್ ದಿನದ (ವಾರದ ವಿಶ್ರಾಂತಿಯ ದಿನದ) ಆಜ್ಞೆ ಓದಿ. ನೀನು ಮಾತ್ರವಲ್ಲ, ನಿನ್ನ ಆಳೂ ದಾಸಿಯೂ ಎತ್ತೂ ಕತ್ತೆಯೂ ದಣಿವಾರಿಸಿಕೊಳ್ಳಬೇಕು, ನೀನು ಐಗುಪ್ತದಲ್ಲಿ ದಾಸನಾಗಿದ್ದುದನ್ನು ನೆನಪಿಡು ಎಂದಿದೆ. ಒಬ್ಬಳು ಕುಳಿತು ಇನ್ನೊಬ್ಬಳು ನಿಂತಿದ್ದರೆ ಅದು ಸಬ್ಬತ್ ಅಲ್ಲ. ಆದ್ದರಿಂದ ತಂಗಿಯನ್ನು ಊರಿನಿಂದ ಹೊರಗೆ ಕಳುಹಿಸಿ. ತಮಿಳುನಾಡಿನ ಯಾತ್ರಾಸ್ಥಳ ವೇಳಾಂಕಣಿಗೆ ಹೋಗಲಿ. ಅಲ್ಲಿಯ ಹಬ್ಬವೂ ಸೆಪ್ಟೆಂಬರ್ 8ಕ್ಕೇ. ಮೊಂತಿ ಹಬ್ಬದ ಅಡುಗೆಯನ್ನೂ ತಾಯಿಯನ್ನೂ ಅಕ್ಕನ ಕೈಗೆ ಬಿಟ್ಟು ಹೋಗಲಿ.

ಬಾಸೆಲ್ ಓಣಿ

ನಾನು ಪ್ರೊಟೆಸ್ಟಂಟ್, ನನಗೆ ಗೊತ್ತಿರುವುದು ಕಡಿಮೆ. ಆದರೆ ಮೊಂತಿ ಹಬ್ಬದ ದಿನ ಮನೆ ಬಿಟ್ಟು ಹೋಗುವ ಮಂಗಳೂರಿನ ಕಥೊಲಿಕ ಹೆಣ್ಣುಮಗಳನ್ನು ನಾನು ನೋಡಿಲ್ಲ.

ಶಿರ್ವದ ಸೊಸೆ

ಅದಕ್ಕೇ ಹೋಗಬೇಕು.

ತೆನೆಹಬ್ಬ

ಎಲ್ಲವನ್ನೂ ಓದಿದೆ. ಪ್ರಸಂಗ ತೆಗೆದಿದ್ದೇನೆ. ಅಪ್ಪುಗೆಯನ್ನು ಸುಲಭಕ್ಕೆ ಬಿಡಲಾರೆ, ನನ್ನ ತಾಯಿಯ ವಯಸ್ಸಿನ ಓದುಗರಿಗೆ ಅದು ಬೇಕು, ಅದನ್ನು ಬೇಡವೆನ್ನಲು ನನಗೆ ಮನಸ್ಸಿಲ್ಲ. ಆದರೂ ತಂಗಿಯನ್ನು ವೇಳಾಂಕಣಿಗೆ ಕಳುಹಿಸಿ ಬರೆದು ನೋಡಿದೆ. ತುಣುಕು ಇಲ್ಲಿದೆ:

"ಕೆಸುವಿನ ದಂಟಿನ ನಾರು ತೆಗೆಯುತ್ತಿದ್ದಂತೆ ಬೆರಳ ಸಂದಿಗಳು ಕೆರೆಯತೊಡಗಿದವು. ಕೊಬ್ಬರಿ ಎಣ್ಣೆ ಮೊದಲೇ ಹಚ್ಚಿಕೊಳ್ಳಬೇಕಿತ್ತು. ಮಸ್ಕತ್ತಿನಲ್ಲಿ ಇಷ್ಟು ವರ್ಷ ಕೈಗವಸು ಹಾಕಿಯೇ ದುಡಿದ ಕೈ. ಒಳಗಿನಿಂದ ಅಮ್ಮ ತಂಗಿಯ ಹೆಸರು ಹಿಡಿದು ಕರೆದರು. ಹೋಗಿ ಮಗ್ಗುಲು ಬದಲಿಸಿ ಬಂದಳು. ಅಮ್ಮ ಮತ್ತೆ ತಂಗಿಯ ಹೆಸರು ಕರೆದರು. ಮತ್ತೆ ಹೋದಳು. ಒಲೆಯ ಮೇಲೆ ಮೊಳಕೆ ಹೆಸರು ಅಡಿ ಹಿಡಿದ ವಾಸನೆ. ಐದು ಬಗೆ ಆಗಬೇಕು, ಮೂರಾಗಿದೆ, ನಾಲ್ಕಕ್ಕೆ ನಿಲ್ಲಿಸುವಂತಿಲ್ಲ. ಹನ್ನೊಂದೂವರೆಗೆ ಫೋನ್ ತೆಗೆದುಕೊಂಡಳು.

'ಕೆಸುವಿಗೆ ಅಮಟೆಕಾಯಿ ಎಷ್ಟು?'

ಆ ಕಡೆ ಜನರ ಗದ್ದಲ, ಗಂಟೆ, ಯಾರದೋ ಮಗುವಿನ ಅಳು.

'ಎಂಟು ಹಾಕು. ಕಡಿಮೆಯಾದರೆ ಅಮ್ಮನಿಗೆ ಗಂಟಲು ಕೆರೆಯುತ್ತದೆ.'

'ಆರೇ ಇವೆ.'

'ಹುಣಿಸೆಹುಳಿ ಸೇರಿಸು. ಕಪಾಟಿನ ಕೆಳಗಿನ ಭರಣಿ.'

ಫೋನ್ ಇಟ್ಟರು."

ಧಾರವಾಡದ ಓದುಗ

"ಫೋನ್ ಇಟ್ಟರು" ಎಂದು ಬಿಟ್ಟಿದ್ದು ಸರಿಯಾಗಿದೆ. ಅಳಿಸಬೇಡಿ.

ಹಳೆಪುಸ್ತಕದಂಗಡಿ

ಅಪ್ಪುಗೆ ಇನ್ನೂ ಬೇಕೆನಿಸುತ್ತದೆಯೇ? ಹುಣಿಸೆಹುಳಿಯ ಭರಣಿಯಲ್ಲಿ ಅದು ಆಗಿಹೋಗಿದೆ.

ಕುವೈತ್ ರಾತ್ರಿಪಾಳಿ

ನರ್ಸ್ ಆಗಿ ಒಂದು ತಿದ್ದುಪಡಿ. ಹಾಸಿಗೆ ಹಿಡಿದವರಿಗೆ ಕೆಸು ತಿನ್ನಿಸುವ ಮೊದಲು ಅಕ್ಕ ಯೋಚಿಸುತ್ತಾಳೆ. ನುಂಗುವುದು ಸರಿಯಿದೆಯೇ ನೋಡುತ್ತಾಳೆ, ದಿಂಬು ಕೊಟ್ಟು ಎತ್ತರಕ್ಕೆ ಕೂರಿಸುತ್ತಾಳೆ, ಮಲಗಿಸಿ ಪಾಯಸ ಕುಡಿಸುವುದಿಲ್ಲ. ಇಲ್ಲಿ ಅವಳಿಗೆ ತಂಗಿಗಿಂತ ಹೆಚ್ಚು ಗೊತ್ತು. ಅವಳನ್ನು ಪೂರ್ತಿ ದಡ್ಡಿಯನ್ನಾಗಿ ಮಾಡಬೇಡಿ.

ತೆನೆಹಬ್ಬ

ಸೇರಿಸುತ್ತೇನೆ. ವಕೀಲರೇ, 67ನೇ ಕಲಂ ಅಕ್ಕನಿಗೆ ಗೊತ್ತು, ತಂಗಿಗೆ ಗೊತ್ತಿಲ್ಲ. ಓದುಗರಿಗೆ ಎರಡನೇ ಅಧ್ಯಾಯದಲ್ಲೇ ಹೇಳಿಬಿಡುತ್ತೇನೆ. ಅವಳು ಅದನ್ನು ಬಳಸಬೇಕೋ ಬೇಡವೋ ನಾನಿನ್ನೂ ತೀರ್ಮಾನಿಸಿಲ್ಲ.

ಶಿರ್ವದ ಸೊಸೆ

ಬಳಸಲಿ.

ಬಾಸೆಲ್ ಓಣಿ

ಬಳಸದಿರಲಿ.

ಕಪ್ಪು ಕೋಟು

ಬಳಸಿದರೂ ಬಿಟ್ಟರೂ ಕಾಗದ ಆಗಲೇಬೇಕು. ಪಾಲು ಬೇಕೆಂದರೆ ವಿಭಾಗ ಪತ್ರ, ಬೇಡವೆಂದರೆ ಅಕ್ಕನಿಂದ ಖುಲಾಸೆ ಪತ್ರ, ಎರಡಕ್ಕೂ ನೋಂದಣಿ. ಅಂದರೆ ಅಕ್ಕತಂಗಿಯರಿಬ್ಬರೂ ಉಪನೋಂದಣಾಧಿಕಾರಿ ಕಚೇರಿಗೆ ಬಂದು ಸರದಿ ಕಾಯಬೇಕು. ಊಟದ ಹೊತ್ತಿನವರೆಗೆ ಒಂದೇ ಬೆಂಚು, ಒಂದೇ ಫ್ಯಾನು, ಮಧ್ಯೆ ಮಾತು ದಾಟಿಸಲು ಅಮ್ಮನೂ ಇಲ್ಲ. ನಿಧಾನದ ಬದುಕು ಬೇಕೆಂದಿದ್ದಿರಲ್ಲ ಮೇಡಂ, ಅಲ್ಲಿ ಧಾರಾಳವಾಗಿ ಸಿಗುತ್ತದೆ. ಆ ಅಧ್ಯಾಯ ಬರೆದರೆ ಕಳುಹಿಸಿ, ದಾಖಲೆಗಳ ಪಟ್ಟಿ ನಾನು ಸರಿಪಡಿಸಿಕೊಡುತ್ತೇನೆ.